ಬೆಲ್ಟು ಬಿಚ್ಚಿದ ಮೇಲೆ

ಇದಲ್ಲ, ಇದು ಗಂಡನ ಕಾರಿನ ಸದ್ದಲ್ಲ, ಅವರದು ತಿರುವಿನಲ್ಲಿ ಒಮ್ಮೆ ಕೆಮ್ಮುತ್ತದೆ, ಇದು ಕೆಮ್ಮದೆ ಹೋಯಿತು, ಕಿಟಕಿಯ ಗಾಜು ಸಣ್ಣಗೆ ನಡುಗಿ ಸುಮ್ಮನಾಯಿತು, ಗಾಜಿನ ಜೊತೆ ಶೀಶೆಯೊಳಗಿನ ಅಂಗಿ ಗುಂಡಿಗಳೂ ನಡುಗಿದವು, ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಮತ್ತೆ ಎಳೆದಳು, ಒರೆಸಲು ಏನೂ ಉಳಿದಿಲ್ಲ, ಧೂಳಿಗೆ ಕೂರಲು ಪುರುಸೊತ್ತು ಕೊಟ್ಟರೆ ತಾನೆ, ಹಲಗೆಯಲ್ಲಿ ಅವಳದೇ ಮುಖ, ಮೂಗು ಮಾತ್ರ ಮರದ ಗಂಟಿನ ಮೇಲೆ ಬಿದ್ದು ಸೊಟ್ಟಗಾಗಿದೆ. ಚಂದದ ಮೇಜು, ಯಾರು ನೋಡಿದರೂ ಚಂದ ಅನ್ನಬೇಕು, ಮೇಲೆ ಅವಳೇ ಉಪ್ಪು ಕಾಗದದಲ್ಲಿ ಉಜ್ಜಿ ಉಜ್ಜಿ ಪಾಲಿಶು ಹಚ್ಚಿದ ಹಳೆಯ ಬಾಗಿಲಿನ ಹಲಗೆ, ಕೆಳಗೆ ಬಳ್ಳಿ ಬಳ್ಳಿಯಾಗಿ ಹೆಣೆದುಕೊಂಡ ಕಬ್ಬಿಣದ ಕಾಲು, ದೊಡ್ಡ ಚಕ್ರ, ಚಕ್ರದ ಬುಡದಲ್ಲಿ ಕಾಲಲ್ಲಿ ತುಳಿಯುವ ಜಾಲರಿ ಪೆಡಲು — ಇದು ಹೊಲಿಗೆ ಮಿಷನ್ನು ಅಂತ ಯಾರಿಗೂ ಗೊತ್ತಾಗಲ್ಲ ನೋಡಕ್ಕ, ಅಂದಿದ್ದ ವೆಲ್ಡಿಂಗ್ ಅಂಗಡಿಯವನು, ಮಿಷನ್ನಿನ ತಲೆಯನ್ನು ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ತಲೆ ಏನು ಮಾಡ್ಲಿ ಅಕ್ಕ, ಗುಜರಿಗೆ ಹಾಕಲಾ? ಬೇಡ, ಅಂದಿದ್ದಳು, ಹಳೆಯ ಹೊದಿಕೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ್ದಳು, ಅಲ್ಲೇ ಇದೆ, ನೆತ್ತಿಯ ಮೇಲೆ, ಮುಸುಕು ಹೊದ್ದು ಮಲಗಿದ ಹಾಗೆ. ಯಾರಿಗೂ ಗೊತ್ತಾಗಲ್ಲ. ಮಗುವಿಗೆ ಗೊತ್ತಾಗದೆ ಇರುತ್ತದೆಯೇ. ಪೆಡಲಿನ ಮೇಲೆ ಎರಡು ಪುಟ್ಟ ಪಾದ — ಬೇಡ, ಅದನ್ನು ನೆನೆಯಬಾರದು, ನೆನೆದದ್ದು ಬಾಗಿಲಿಗೆ ಬಂದು ನಿಲ್ಲುತ್ತದೆ ಅನ್ನುತ್ತಿದ್ದಳು ಅವಳ ಅಜ್ಜಿ, ಬೇರೆ ಏನಾದರೂ ನೆನೆಯಬೇಕು, ಗೋಡೆ ನೋಡಬೇಕು, ಗೋಡೆಯ ತುಂಬ ಅವಳ ಕೈಕೆಲಸವೇ, ಮರದ ದಾರದ ರೀಲುಗಳನ್ನು ಮೊಳೆಗೆ ಸಿಕ್ಕಿಸಿ ಮಗುವಿನ ಚೀಲಕ್ಕೆ ಗೂಟ, ದೊಡ್ಡ ಕತ್ತರಿಗೆ ಚೌಕಟ್ಟು, ಅಳತೆ ಟೇಪಿನ ಅಂಚು ಹಾಕಿದ ಕನ್ನಡಿ, ಎಲ್ಲ ಆ ಅವಳದು, ಮೊದಲನೆಯವಳದು, ಮಗುವಿನ ಅಮ್ಮನದು, ಹೊಲಿದು ಹೊಲಿದು ಈ ಹಳೆಯ ಮನೆಯನ್ನು ತುಂಬಿಸಿ ಒಂದು ದಿನ ಕಾಯಿಲೆ ಬಿದ್ದು ಹೋದವಳದು. ಒಂದನ್ನೂ ಎಸೆಯಲಿಲ್ಲವಲ್ಲ ಅವಳು? ಎಸೆಯಬಾರದು ಅಂತಲೇ ಅಲ್ಲವೇ ಇಷ್ಟೆಲ್ಲ, ಮಗು ಒಳಗೆ ಕಾಲಿಟ್ಟರೆ ಅದರ ಅಮ್ಮ ಗೋಡೆ ಗೋಡೆಯಿಂದ ಬಾ ಅನ್ನಬೇಕು ಅಂತ, ಆಮೇಲೆ ಬೇಕಾದರೆ, ಕೊನೆಗೆ, ಮೂಲೆಯಲ್ಲಿ ನಿಂತ ಇವಳನ್ನೂ ಒಮ್ಮೆ ನೋಡಲಿ ಅಂತ. ಕಳೆದ ಸಲ, ಇದೆಲ್ಲ ಇನ್ನೂ ಮುಸುಕು ಹೊದ್ದು ಒಳಕೋಣೆಯಲ್ಲಿದ್ದಾಗ, ಬಂದ ಮಗು ಬೂಟು ಬಿಚ್ಚಲೇ ಇಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸು ಕಾಯುವವರ ಹಾಗೆ, ಅವಳು ಕಥೆ ಹೇಳಿದಳು, ಒಂದಾನೊಂದು ಕಾಲದಲ್ಲಿ ಅಂತ ಶುರುಮಾಡಿ, ನಡುನಡುವೆ ನಿಲ್ಲಿಸಿ ಕಾದಳು, ಒಂದೇ ಒಂದು ಹೂಂ ಬರಲಿ ಅಂತ, ಬರಲಿಲ್ಲ, ಹೂಂಗುಟ್ಟುವವರಿಲ್ಲದ ಕಥೆ ದಾರಿಯಲ್ಲೇ ಕೂತುಬಿಟ್ಟಿತು. ಬೂಟು ಬಿಚ್ಚಮ್ಮ ಕಾಲು ಬೆವರುತ್ತೆ. ಮಗು ತನ್ನನ್ನು ಸಾಕುತ್ತಿರುವ ಅಜ್ಜಿಯ, ಅಮ್ಮನ ಅಮ್ಮನ, ಮುಖ ನೋಡಿತು. ಆ ಅಜ್ಜಿಯೇ ಮೊನ್ನೆ ಫೋನಿನಲ್ಲಿ, ನೋಡಮ್ಮ, ನಿನ್ನ ಗಂಡ ಇಷ್ಟು ಕೇಳ್ಕೊಂಡ ಅಂತ ಬರ್ತಿದೀವಿ, ಒಂದು ರಾತ್ರಿ ಇದ್ದು ನೋಡ್ಲಿ, ಮಗು ಒಲ್ಲೆ ಅಂದ್ರೆ ಬೆಳಿಗ್ಗೆ ಕರ್ಕೊಂಡು ಹೊರಡ್ತೀನಿ, ಆಮೇಲೆ ಯಾರೂ ಅವಳನ್ನ ನಿಮ್ಮಲ್ಲಿ ಇರಿಸ್ಕೊಳ್ಳೋ ಮಾತು ಎತ್ತಬಾರದು. ಎತ್ತಲ್ಲ ಅಮ್ಮ, ಅಂದಿದ್ದಳು. ಒಂದೇ ರಾತ್ರಿ. ಅವರು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು, ಅವಳ ಗಂಡ, ಮಗುವಿನ ಅಪ್ಪ, ಉಗುರು ಕಚ್ಚಿಕೊಂಡು, ಅಷ್ಟು ದೊಡ್ಡ ಮನುಷ್ಯ ಉಗುರು ಕಚ್ಚುವುದನ್ನು ಅವಳು ನೋಡಿದ್ದು ಅದೇ ಮೊದಲು.

ಇನ್ನೊಂದು ಕಾರು — ಅಲ್ಲ, ನೀರಿನ ಟ್ಯಾಂಕರು, ದಡಬಡ ಹೋಗುತ್ತಿದೆ, ಗುಂಡಿಗಳು ಗಲಗಲ ಅಂದವು, ಪೆಡಲು ಮಾತ್ರ ಕಲ್ಲು. ಕಲ್ಲೇ. ಮಧ್ಯಾಹ್ನ ನಾದಿನಿ ಬಂದು ಆ ಮಾತು ಹೇಳದೆ ಇದ್ದಿದ್ದರೆ ಈ ಹೊತ್ತಿಗೆ ಅವಳು ಹಾಡಿಕೊಂಡು ಅಡುಗೆ ಮಾಡುತ್ತಿರುತ್ತಿದ್ದಳು, ಬಂದಳಲ್ಲ ಪುಣ್ಯಾತ್ಗಿತ್ತಿ, ಚಪ್ಪಲಿ ಬಿಡುತ್ತಲೇ ಬಾಯಿ ಬಿಟ್ಟುಕೊಂಡು, ಅತ್ತಿಗೆ, ಇದು ನಮ್ಮಣ್ಣನ ಮನೇನಾ ಇಲ್ಲ ದಾರಿ ತಪ್ಪಿದ್ನಾ, ಹಳೇ ಸಾಮಾನಲ್ಲೇ ಮನೆ ಹೊಸದು ಮಾಡಿದೀರಲ್ಲ, ನಾನಾಗಿದ್ರೆ ಎಲ್ಲ ಗುಜರಿಗೆ ಕೊಟ್ಟು ಕೈ ತೊಳ್ಕೋತಿದ್ದೆ — ಅಂತ ನಗುತ್ತ ಬಂದವಳು ಮೇಜಿನ ಮುಂದೆ ನಿಂತಳು, ಬಗ್ಗಿದಳು, ಅಯ್ಯೋ ಇದು ಮಿಷನ್ನಲ್ವಾ, ಅಣ್ಣನ ಮಗಳು ಗುಂಡಿಯ ತೊಟ್ಟಿಲು! ತೊಟ್ಟಿಲಾ? ಹೂಂ ಮತ್ತೆ, ಅಣ್ಣ ಹೇಳಿಲ್ವಾ, ಆ ಅತ್ತಿಗೆ ಹೊಲಿಗೆ ಮುಗೀತು ಅಂದ್ರೆ ಚಕ್ರದ ಬೆಲ್ಟು ಬಿಚ್ಚಿಟ್ಟುಬಿಡೋರು, ಸೂಜಿ ಓಡಬಾರದಲ್ಲ, ಆಮೇಲೆ ಈ ಗುಂಡಿ ಮಿಷನ್ ಅಡಿ ನುಗ್ಗಿ ಪೆಡಲ್ ಮೇಲೆ ಕುಕ್ಕರಗಾಲಲ್ಲಿ ಕೂತು ತೂಗ್ಕೊಳ್ಳೋಳು, ಬೆರಳು ಹಿಮ್ಮಡಿ ಬೆರಳು ಹಿಮ್ಮಡಿ, ತೂಗೀ ತೂಗೀ ಅಲ್ಲೇ ನಿದ್ದೆ, ಅಮ್ಮ ಹೋದ ದಿನ ಮನೆ ತುಂಬ ಜನ, ಮಗು ಎಲ್ಲಿ ಅಂತ ಹುಡುಕಿ ಹುಡುಕಿ ಸಾಕಾದ್ರೆ ಇದರಡಿ ಕೂತು ತೂಗ್ತಿದೆ, ಎಳೆದ್ರೂ ಬರದು, ಪಾಪ — ಬರ್ತಿದ್ದ ಹಾಗೇ ಇಲ್ಲೇ ನುಗ್ಗುತ್ತೆ ನೋಡ್ತಿರಿ, ಒಳ್ಳೇದೇ ಮಾಡಿದ್ರಿ ಬಿಡಿ ಇಟ್ಕೊಂಡು. ಒಳ್ಳೆಯದು. ನಾದಿನಿಗೆ ಕಾಣಲಿಲ್ಲ, ಪೆಡಲಿನ ಎರಡು ಕಿವಿಗೂ ಅದು ಅಲುಗದಂತೆ ಬಿಗಿದ ಬೆಸುಗೆಯ ಗಂಟು, ಕಪ್ಪು ಬಣ್ಣದ ಕೆಳಗೆ, ಯಾರಿಗೂ ಕಾಣದ ಹಾಗೆ. ಮೇಜು ಅಲುಗಾಡಬಾರದು, ಮಗು ಅದರ ಮೇಲೆ ಬರೆಯಬೇಕಲ್ಲ, ಅಂತ ಅವಳು ಎಲ್ಲರಿಗೂ ಹೇಳಿದ್ದು, ವೆಲ್ಡಿಂಗಿನವನಿಗೂ, ಅವರಿಗೂ, ಹೇಳುತ್ತ ಹೇಳುತ್ತ ತಾನೂ ನಂಬಿದ್ದು, ಆದರೆ ಪೆಡಲು ಅಲುಗಿದರೆ ಮೇಲಿನ ಹಲಗೆ ಯಾಕೆ ಅಲುಗುತ್ತದೆ? ಅದು ಅಲ್ಲ. ಅದಕ್ಕಲ್ಲ. ಈ ಮನೆಗೆ ಬಂದ ಹೊಸದರಲ್ಲಿ, ಒಂದು ಮಟಮಟ ಮಧ್ಯಾಹ್ನ, ಅವಳೊಬ್ಬಳೇ, ಗೋಡೆ ಕೆರೆಯುತ್ತಿದ್ದಳು, ಹಳೆಯ ಬಣ್ಣ ಪದರ ಪದರವಾಗಿ ಉದುರುತ್ತಿತ್ತು, ಹಸಿರಿನ ಕೆಳಗೆ ಹಳದಿ, ಹಳದಿಯ ಕೆಳಗೆ ಯಾರೋ ಯಾವ ಕಾಲದಲ್ಲೋ ಬಳಿದ ನೀಲಿ, ಹಿಂದೆ ಕಟಕ್ ಕಟಕ್, ತಿರುಗಿದರೆ ಮುಸುಕು ಹಾಕಿದ ಮಿಷನ್ನು, ಅದರ ಅಡಿಯಲ್ಲಿ ಪೆಡಲು ತಾನೇ ತಾನಾಗಿ ಏಳುತ್ತಿತ್ತು, ಇಳಿಯುತ್ತಿತ್ತು, ತುಳಿಯುವವರು ಈಗಷ್ಟೇ ಎದ್ದು ಹೋದ ಹಾಗೆ. ಲಾರಿ ಹೋಗಿರಬೇಕು, ನೆಲ ಅದುರಿರಬೇಕು. ಲಾರಿಯೇ. ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಕೈಯ ಕೆರೆಗತ್ತಿ ಬಿತ್ತು, ಯಾಕೆಂದರೆ ಅವಳ ಅಜ್ಜಿಯ ಕಥೆಯಲ್ಲಿ ಸತ್ತ ತಾಯಿ ಹಿತ್ತಲಲ್ಲಿ ಮರವಾಗಿ ಹುಟ್ಟುತ್ತಾಳೆ, ಮಲತಾಯಿ ಮರ ಕಡಿಸಿ ಮಣೆ ಮಾಡಿಸುತ್ತಾಳೆ, ಆ ಮಣೆ ಮಗು ಕೂತರೆ ತಂಪು, ಮಲತಾಯಿ ಕೂತರೆ ಕಾದ ಕಾವಲಿ, ಆಗ ಮಲತಾಯಿ ಏನು ಮಾಡಿದಳು ಗೊತ್ತೇನೇ? ಹೂಂ, ಅನ್ನುತ್ತಿದ್ದಳು ಇವಳು, ಅಜ್ಜಿಯ ತೊಡೆಯ ಮೇಲೆ ಮಲಗಿ, ಹೂಂ, ಹೂಂ, ಆದರೆ ಅಜ್ಜಿ, ಮಲತಾಯಿ ಕೆಟ್ಟವಳಾಗಿದ್ದು ಯಾವಾಗ, ಹುಟ್ಟಿದಾಗಲೋ, ಹೊಸಿಲು ದಾಟಿ ಬಂದಾಗಲೋ? ಅಜ್ಜಿ ಕೂದಲಲ್ಲಿ ಬೆರಳಾಡಿಸುತ್ತ, ಕಥೆ ಮುಂದಕ್ಕೆ ಹೋಗಬೇಕು ಅಂದ್ರೆ ಯಾರಾದ್ರೂ ಕೆಟ್ಟವರಾಗಬೇಕಲ್ಲೇ ಹುಚ್ಚಿ, ಸುಮ್ನೆ ಹೂಂ ಅನ್ನು. ಹೂಂ. ಅದಕ್ಕೇ ಅವಳು ಪೆಡಲು ತಾನಾಗಿ ಆಡಿದ ಮರುದಿನವೇ ವೆಲ್ಡಿಂಗಿನವನನ್ನು ಕರೆಸಿ, ಇದು ಯಾವತ್ತೂ ಅಲುಗಬಾರದು, ಅಂದಳು, ಅವನು ಕನ್ನಡಕ ಇಳಿಸಿ, ಆನೆ ಬಂದು ನಿಂತ್ರೂ ಅಲುಗಲ್ಲ ಬಿಡಕ್ಕ, ಅಂದ, ನೀಲಿ ಕಿಡಿ ಹಾರಿತು, ಅವಳು ಮುಖ ತಿರುಗಿಸಿಕೊಂಡಳು, ಆ ರಾತ್ರಿ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಬಂತು. ಅವಳು ಕಟ್ಟಿಹಾಕಿದ್ದು ದೆವ್ವವನ್ನು ಅಂದುಕೊಂಡಿದ್ದಳು. ತೊಟ್ಟಿಲು ಅಂತ ಆಗ ಯಾರು ಹೇಳಿದರು? ಗಂಡನಿಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ, ಮಿಷನ್ನು ಏನು ಮಾಡ್ಲಿ ಅಂತ ಕೇಳಿದಾಗ ಬೆನ್ನು ತಿರುಗಿಸಿಕೊಂಡೇ, ನಿನಗೆ ಸರಿ ಅನ್ನಿಸಿದ್ದು ಮಾಡು, ನನ್ನ ಏನೂ ಕೇಳಬೇಡ, ಅಂದುಬಿಟ್ಟರು, ಆ ಬೆನ್ನಿಗೆ ಮರುಪ್ರಶ್ನೆ ಹಾಕುವ ಧೈರ್ಯ ಇವಳಿಗೂ ಇರಲಿಲ್ಲ. ನಾದಿನಿ ಬಾಗಿಲು ದಾಟುತ್ತಲೇ ಇವಳು ವೆಲ್ಡಿಂಗಿನವನಿಗೆ ಫೋನು ಮಾಡಿದಳಲ್ಲ, ಅಣ್ಣಾ, ಈಗಲೇ ಬಂದು ಆ ಬೆಸುಗೆ ಕತ್ತರಿಸಿ ಕೊಡ್ತೀಯಾ, ಈಗಲೇ. ಈಗೆಲ್ಲಿ ಅಕ್ಕ, ಗೇಟು ಕೂರಿಸ್ತಿದೀನಿ ಊರಾಚೆ, ನಾಳೆ ಸಂಜೆ ನೋಡೋಣ, ಮತ್ತೆ ನೀವೇ ಹೇಳಿದ್ರಲ್ಲ ಯಾವತ್ತೂ ಅಲುಗಬಾರದು ಅಂತ — ನಗುತ್ತಿದ್ದ. ಸುತ್ತಿಗೆ ತಂದು ಹೊಡೆದಳು, ಬಣ್ಣ ಎದ್ದಿತು, ಗಂಟು ಏಳಲಿಲ್ಲ, ಎದ್ದ ಬಣ್ಣದ ಮೇಲೆ ಮತ್ತೆ ಕಪ್ಪು ಬಳಿದಳು, ಉಗುರಿನ ಸಂದಿಯಲ್ಲಿ ಈಗಲೂ ಇದೆ, ಉಜ್ಜಿದಷ್ಟೂ ಇಳಿಯುತ್ತಿಲ್ಲ. ನೋಡುವವರಿಗೆ ಚಕ್ರ ಬೋಳು ಬೋಳು ಕಾಣಬಾರದು ಅಂತ ಹೊಸ ಚರ್ಮದ ಬೆಲ್ಟು ಬೇರೆ ಸುತ್ತಿ, ಹಲಗೆಯ ಅಡಿಯ ಕೊಕ್ಕೆಗೆ ಸಿಕ್ಕಿಸಿದ್ದಾಳೆ. ಮೇಜನ್ನೇ ಎತ್ತಿ ಅಡಗಿಸಿಬಿಟ್ಟರೆ, ಒಬ್ಬಳಿಂದ ಎತ್ತಲಾಗದು, ಬಟ್ಟೆ ಹೊದಿಸಿದರೆ, ಮಕ್ಕಳು ಮೊದಲು ಎತ್ತಿ ನೋಡುವುದೇ ಹೊದಿಸಿದ್ದನ್ನು, ನಿಜ ಹೇಳಿಬಿಟ್ಟರೆ, ಮಗೂ ನಿನ್ನ ಅಮ್ಮನಿಗೆ ಹೆದರಿ ನಿನ್ನ ತೊಟ್ಟಿಲು ನಿಲ್ಲಿಸಿದೆ — ಎರಡು ಪುಟ್ಟ ಪಾದ, ಜಾಲರಿಯ ಮೇಲೆ, ಬೆರಳು ಹಿಮ್ಮಡಿ —

ಕೆಮ್ಮಿತು. ತಿರುವಿನಲ್ಲಿ ಕೆಮ್ಮಿತು, ಬಂತು, ಗೇಟು ಕಿರುಗುಟ್ಟಿತು, ಬಾಗಿಲಲ್ಲಿ ಅವರು, ಎರಡು ಕೈಯಲ್ಲೂ ಚೀಲ, ಹಿಂದೆ ಮಗುವಿನ ಅಜ್ಜಿ, ಉಸ್ಸಪ್ಪಾ ಏನು ದಾರಿ ಅಂತೀಯ, ಸೊಂಟ ಹುಡಿ ಆಯ್ತು, ಅವರಿಬ್ಬರ ನಡುವಿನ ಸಂದಿಯಲ್ಲಿ ಬೂಟು, ಮೊಣಕಾಲು, ಎರಡು ಕಣ್ಣು. ಬಾ ಮಗೂ, ಅಂದಳು, ಗುಂಡಿ ಅನ್ನಲಿಲ್ಲ, ಆ ಹೆಸರು ಇಟ್ಟವಳದು, ಅಂಗಿಗೆ ಗುಂಡಿ ಹಚ್ಚುತ್ತ ಹಚ್ಚುತ್ತ ಮಗಳನ್ನೂ ಹಾಗೇ ಕರೆದವಳದು. ಮಗು ಬರಲಿಲ್ಲ, ನಿಂತಲ್ಲೇ ಗೋಡೆ ನೋಡಿತು, ರೀಲು ನೋಡಿತು, ಕತ್ತರಿ ನೋಡಿತು, ಕಣ್ಣು ಒಂದೊಂದರ ಮೇಲೂ ಕೂತು ಎದ್ದು ಬಂತು, ಅಮ್ಮಂದು, ಅಂತ ಮೆಲ್ಲಗೆ ಅಂದಿತು, ಯಾರಿಗೂ ಅಲ್ಲ, ಹೌದು ಕಣೇ ಎಲ್ಲ ನಿಮ್ಮಮ್ಮಂದೇ, ಅಂದರು ಅಜ್ಜಿ, ಇವಳ ಕಡೆ ನೋಡಿದರು, ಪರವಾಗಿಲ್ಲಮ್ಮ ನೀನು, ಅನ್ನುವ ಹಾಗೆ, ಆ ನೋಟಕ್ಕಾಗಿಯೇ ತಾನೆ ಇಷ್ಟು ತಿಂಗಳು ಗೋಡೆ ಕೆರೆದದ್ದು, ಈಗ ಅದು ಎದೆಗೆ ಬಂದು ಮುಳ್ಳಾಗಿ ನಿಂತಿತು. ಮಗುವಿನ ಕಣ್ಣು ಮೇಜಿಗೆ ಬಂತು. ಮೇಲಿನಿಂದ ಕೆಳಗೆ ಇಳಿಯಿತು. ಚಕ್ರಕ್ಕೆ. ಆಮೇಲೆ ಮಗು ನೆಲದ ಮೇಲೆ ಕೂತು ಒಂದು ಬೂಟು ಬಿಚ್ಚಿತು, ಇನ್ನೊಂದನ್ನೂ, ಕಾಲುಚೀಲ ಎಳೆದು ಬೂಟಿನೊಳಗೆ ತುರುಕಿತು, ಎರಡನ್ನೂ ಗೋಡೆಗೆ ಒತ್ತಿ ಜೋಡಿಸಿ ಇಟ್ಟಿತು, ಇನ್ನು ಎಲ್ಲಿಗೂ ಹೋಗುವುದಿಲ್ಲ ಅನ್ನುವವರ ಹಾಗೆ, ಅಗೋ ನೋಡು ಬಿಚ್ಚೇಬಿಡ್ತು, ಅಂತ ಅಜ್ಜಿ ನಕ್ಕರು, ಅವರೂ ನಕ್ಕರು, ಅವರ ಕಣ್ಣು ತುಂಬಿತ್ತು, ಅವಳೊಬ್ಬಳು ನಗಲಿಲ್ಲ. ಮಗು ಬಗ್ಗಿ ಮೇಜಿನ ಅಡಿಗೆ ನುಗ್ಗಿತು, ದೊಡ್ಡದಾಗಿದೆ ಈಗ, ತಲೆ ಹಲಗೆಗೆ ತಾಗಿತು, ಪೆಡಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡು ಕೈಯಲ್ಲೂ ಕಬ್ಬಿಣದ ಬಳ್ಳಿ ಹಿಡಿದು ಬೆರಳು ಒತ್ತಿತು, ಹಿಮ್ಮಡಿ ಒತ್ತಿತು, ಪೆಡಲು ಅಲುಗಲಿಲ್ಲ. ಇನ್ನೊಮ್ಮೆ ಒತ್ತಿತು. ಈಗ ಕೂಗುತ್ತದೆ, ಈಗ ಬೂಟು ಕೇಳುತ್ತದೆ, ಈಗ — ಮಗು ತಲೆ ಎತ್ತಿ ಚಕ್ರ ನೋಡಿತು, ಹೊಸ ಬೆಲ್ಟು ನೋಡಿತು, ಆಮೇಲೆ, ಅಪ್ಪನನ್ನಲ್ಲ, ಅಜ್ಜಿಯನ್ನಲ್ಲ, ಅವಳನ್ನು ನೋಡಿತು, ಬೆಲ್ಟು ಬಿಚ್ಚಿಲ್ಲ ಅದಕ್ಕೇ ತೂಗ್ತಿಲ್ಲ, ಅಮ್ಮ ಬಿಚ್ಚಿಕೊಡೋಳು, ನೀವು ಬಿಚ್ಚಿ. ಅವಳಿಗೆ ಅಂತ ಮಗು ಆಡಿದ ಮೊದಲ ಮಾತು. ಅವಳು ಮಂಡಿಯೂರಿದಳು, ಮಗುವಿನ ಉಸಿರು ಮುಂಗೈಗೆ ತಾಗುವಷ್ಟು ಹತ್ತಿರ, ಕೊಕ್ಕೆ ಬೆರಳಿಗೆ ಸಿಗುತ್ತಿಲ್ಲ, ಸಿಗದೆ ಇರಲಿ, ಹೀಗೇ ಹುಡುಕುತ್ತಲೇ ಇರುತ್ತೇನೆ, ಮಗು ಕಾಯುತ್ತಲೇ ಇರಲಿ, ಬಿಚ್ಚುವ ತನಕ ತಪ್ಪೆಲ್ಲ ಬೆಲ್ಟಿನದು, ಬಿಚ್ಚಿದ ಮೇಲೆ — ಸಿಕ್ಕಿತು, ಜಾರಿತು, ಬೆಲ್ಟು ಸತ್ತ ಹಾವಿನ ಹಾಗೆ ಅವಳ ಮಡಿಲಿಗೆ ಬಿತ್ತು. ಈಗ ತೂಗ್ಲಾ? ಮಗು ಕೇಳುತ್ತಿದೆ, ಮುಖ ಅರಳಿದೆ, ಮುಂದಿನ ಎರಡು ಹಲ್ಲು ಇಲ್ಲ, ತೂಗ್ಲಾ? ಯಾರಾದರೂ ಏನಾದರೂ ಅನ್ನಬೇಕು, ಕಥೆ ದಾರಿಯಲ್ಲಿ ನಿಂತಿದೆ — ಹೂಂ, ಅಂದಳು ಅವಳು, ಹೂಂ, ಎರಡು ಪುಟ್ಟ ಪಾದ, ಬರಿಗಾಲು, ಕಪ್ಪು ಜಾಲರಿಯ ಮೇಲೆ, ಬೆರಳು ಬೆಳ್ಳಗಾಗುವಷ್ಟು ಒತ್ತಿದೆ, ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು —