ಕೋಡಿ ನೀರಿಗೆ ಮದುವೆ ಸೀರೆ

ಸಿಟ್ಟು ಬಂದರೆ ತನುಜಾ ಮನೆ ಗುಡಿಸುತ್ತಾಳೆ. ಕೊರೊನಾ ಬಂದ ವರ್ಷದ ದಸರಾ ಹೊತ್ತಿಗೆ ಹಿಂದೂಪುರದ ಆ ಎರಡು ಕೋಣೆಯ ಬಾಡಿಗೆ ಮನೆ ಎಷ್ಟು ಸಲ ಗುಡಿಸಿಕೊಂಡಿತ್ತೆಂದರೆ, ನೆಲದ ಸಿಮೆಂಟು ಸವೆದರೆ ಓನರ್‌ಗೆ ಏನು ಹೇಳಲಿ ಎಂದು ಗಂಡ ಈಶ್ವರ್‌ಗೆ ಯೋಚನೆ ಹತ್ತಿತ್ತು. ಸಿಟ್ಟು ಗಂಡನ ಮೇಲಲ್ಲ. ಎಂಟು ವರ್ಷದ ಮಗಳು ಹರ್ಷಿತಾ ಯಾರ ಕೈಗೂ ಏನನ್ನೂ ಕೊಡುತ್ತಿರಲಿಲ್ಲ, ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅದಕ್ಕೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದೆ ತನುಜಾ ಪೊರಕೆ ಹಿಡಿಯುತ್ತಿದ್ದಳು.

ಶ್ರಾವಣದಲ್ಲಿ ಬೀದಿಗೆ ಬೀದಿಯೇ ಟೆಸ್ಟಿಗೆ ನಿಂತಾಗ ಮನೆಯ ಮೂವರಲ್ಲಿ ಪಾಸಿಟಿವ್ ಬಂದದ್ದು ಮಗುವಿಗೆ ಮಾತ್ರ. ಒಂದು ಹಾಸ್ಟೆಲನ್ನೇ ಕೊರೊನಾ ಸೆಂಟರ್ ಮಾಡಿ, ಮಗುವನ್ನು ಅಲ್ಲಿ ಇರಿಸಿದರು. ತನುಜಾ ಜಗಳ ಕಾದು ಜೊತೆಗೆ ಹೋದಳು, ಆದರೆ ವರಾಂಡದಿಂದ ಒಳಕ್ಕೆ ಬಿಡಲಿಲ್ಲ. ತಟ್ಟೆಯಾಗಲಿ ಬಟ್ಟೆಯಾಗಲಿ ಬಾಗಿಲಲ್ಲಿ ಎಳೆದ ಗೆರೆಯ ಮೇಲೆ ಇಟ್ಟು ಹಿಂದಕ್ಕೆ ಸರಿಯಬೇಕು, ಆಮೇಲೆ ಆಚೆಯವರು ಬಂದು ಎತ್ತಿಕೊಳ್ಳಬೇಕು. ಅಲ್ಲಿನ ಆಯಾ ಒಳ್ಳೆಯ ಹೆಂಗಸೇ. "ಇಟ್ಟು ಸರಿ, ಬಂಗಾರಿ" ಎಂದು ಪ್ರೀತಿಯಿಂದಲೇ ಕಲಿಸಿದ್ದಳು. ಮಗು ಕಲಿತದ್ದು ಎಷ್ಟು ಚೆನ್ನಾಗಿತ್ತೆಂದರೆ, ವಾಸಿಯಾಗಿ ಮನೆಗೆ ಬಂದು ಎರಡು ತಿಂಗಳಾದರೂ ನೀರಿನ ಲೋಟವನ್ನು ನೆಲದ ಮೇಲೆ ಇಟ್ಟು ಗೋಡೆಯ ತನಕ ಸರಿದು ನಿಲ್ಲುತ್ತಿತ್ತು. ಮಲಗುವುದೂ ಮೂಲೆಯಲ್ಲಿ, ಒಬ್ಬಳೇ. ಡಾಕ್ಟರು, "ಇನ್ನೇನೂ ಭಯ ಇಲ್ಲಮ್ಮ, ಮಗೂನ ಹತ್ತಿರ ಮಲಗಿಸಿಕೊಳ್ಳಿ" ಎಂದಿದ್ದರು. ಮಲಗಿಸಿಕೊಳ್ಳಲು ಅವಳು ಕೈಗೆ ಸಿಕ್ಕರಲ್ಲವೇ? ಬೀದಿಯ ಮಕ್ಕಳಂತೂ ಅವಳು ಹೊಸ್ತಿಲಿಗೆ ಬಂದರೆ "ಕೊರೊನಾ ಪಾಪ, ಕೊರೊನಾ ಪಾಪ" ಎಂದು ಕಿರುಚಿ ಓಡುತ್ತಿದ್ದವು. ಮಕ್ಕಳಿಗೆ ಹೇಳಿಕೊಟ್ಟ ದೊಡ್ಡವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು.

ಅಂಥ ಒಂದು ಬೆಳಿಗ್ಗೆ ತವರಿನಿಂದ ಅಣ್ಣ ಗಂಗರಾಜುವಿನ ಫೋನು ಬಂತು. ಕಲ್ಯಾಣದುರ್ಗದಿಂದ ಬ್ರಹ್ಮಸಮುದ್ರದ ಕಡೆಗೆ ಹೋಗುವ ದಾರಿಯಲ್ಲಿ ಅವರ ಊರು.

"ಕೆರೆ ಕೋಡಿ ಬಿದ್ಬುಟ್ಟೈತೆ ಕಣಮ್ಮ! ನಿನ್ ಮದ್ವೆಗೂ ಮುಂಚೆ ಬಿದ್ದಿದ್ದು, ಈಗ್ಲೇ ನೋಡು. ಮೀನು ಅಂದ್ರೆ ಮೀನು! ಹೆಂಗಸ್ರು ಮಕ್ಳು ಎಲ್ಲಾ ಸೀರೆ ಹಿಡ್ಕಂಡ್ ನಿಂತವ್ರೆ. ಮಗೀನ ಕರ್ಕಂಡ್ ಬಾ."

ಫೋನಿನ ಹಿಂದಿನಿಂದ ಅತ್ತಿಗೆ ಸಣ್ಣಕ್ಕನ ದನಿ ಕೇಳಿಸಿತು. "ಆ ಮಗೀನೂ ಬತ್ತದಾ? ಊರೋರು ಏನಂತಾರೋ ಏನೋ."

ತನುಜಾ ಪೊರಕೆಯನ್ನು ಮೂಲೆಗೆ ಎಸೆದಳು.

"ಬ್ಯಾಡ ಕಣೇ," ಎಂದ ಈಶ್ವರ್. "ಅವ್ರು ಒಂದ್ ಮಾತಂದ್ರೆ ನೀನ್ ಹತ್ತಂತೀಯ. ಹಬ್ಬದ ಹೊತ್ನಲ್ಲಿ ಯಾಕೆ?"

"ನಾನು ಹುಟ್ಟಿದೂರಿನ ನೀರು ನೋಡಾಕೆ ಯಾರ್ ಪರ್ಮಿಷನ್ ತಗಬೇಕಯ್ಯ? ಗಾಡಿ ತೆಗಿ."

ಗಂಗಮ್ಮನ ಪೂಜೆಗೆ ಉಡೋಣವೆಂದು ಮದುವೆಯ ಧರ್ಮಾವರಂ ಸೀರೆಯನ್ನು ಚೀಲಕ್ಕೆ ತುಂಬಿದಳು. ಬೈಕಿನಲ್ಲಿ ನಡುವೆ ಕೂತ ಹರ್ಷಿತಾ ತನ್ನ ಸ್ಕೂಲ್ ಬ್ಯಾಗನ್ನು ಅಪ್ಪನ ಬೆನ್ನಿಗೆ ಅಡ್ಡ ಇಟ್ಟಳು, ಸೀರೆಯ ಚೀಲವನ್ನು ಅಮ್ಮನ ಕೈಯಿಂದ ತೆಗೆದುಕೊಳ್ಳದೆ, ಸೀಟಿನ ಮೇಲೆ ಇಡಲು ಹೇಳಿ, ತನಗೂ ಅಮ್ಮನಿಗೂ ನಡುವೆ ತುರುಕಿಕೊಂಡಳು. ರೊದ್ದಂ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕಡಲೆಕಾಯಿ ಕೀಳುತ್ತಿದ್ದರು. ಬೆಟ್ಟದಿಂದ ಇಳಿಸಿದ ಸೀತಾಫಲವನ್ನು ಮಂಕರಿಗಳಲ್ಲಿ ಇಟ್ಟುಕೊಂಡು ಹೆಂಗಸರು ಕೂತಿದ್ದರು. ಮಾರ್ಚ್ ತಿಂಗಳಿಂದ ನಾಲ್ಕು ಗೋಡೆ ಬಿಟ್ಟು ಬೇರೇನೂ ಕಾಣದಿದ್ದ ಮಗು ಮಾಸ್ಕಿನ ಮೇಲಿಂದ ಕಣ್ಣರಳಿಸಿ ನೋಡಿತು. ಕಲ್ಯಾಣದುರ್ಗದಲ್ಲಿ ಹೂವು, ಹಣ್ಣು, ಹಸಿರು ಬಳೆ ಕೊಂಡರು. ಬಳೆಯವಳು ಹರ್ಷಿತಾಳ ಕೈ ಹಿಡಿಯಲು ಹೋದಾಗ ಮಗು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು.

ಅತ್ತಿಗೆ ಸಣ್ಣಕ್ಕ ಕೆಟ್ಟವಳೇನಲ್ಲ, ಆದರೆ ಭಯಸ್ಥೆ. ಮನೆಯ ಮುಂದಿನ ಬೇವಿನ ಮರದ ಕೆಳಗೆ ಚಾಪೆ ಹಾಸಿ, ಬಂದ ಮೂವರಿಗೂ ಪೇಪರ್ ತಟ್ಟೆ ಇಟ್ಟಿದ್ದಳು.

"ಒಳ್ಗಡೆ ಸೆಕೆ ಕಣಮ್ಮ. ಇಲ್ಲಿ ಗಾಳಿ ಚೆನ್ನಾಗೈತೆ ಅಂತ ಇಲ್ಲೇ ಹಾಕ್ದೆ."

ಅಕ್ಟೋಬರ್ ಮಳೆಯಲ್ಲಿ ಯಾವ ಸೆಕೆಯೋ! ತನುಜಾ ಪೇಪರ್ ತಟ್ಟೆಗಳನ್ನು ಮಡಿಚಿ ಒಲೆಗೆ ಹಾಕಿದಳು. ಅಡಿಗೆಮನೆಯ ಅಟ್ಟದಿಂದ ತನ್ನ ಅವ್ವನ ಹೆಸರು ಕೆತ್ತಿದ್ದ ಸ್ಟೀಲ್ ತಟ್ಟೆಗಳನ್ನು ಇಳಿಸಿ, ತೊಳೆದು, ತಾನೇ ಮುದ್ದೆ ಬಡಿಸಿಕೊಂಡು ಬಂದಳು. ಗಂಗರಾಜು ತಲೆ ತಗ್ಗಿಸಿಕೊಂಡು ಉಂಡ. ಹರ್ಷಿತಾ ಮಾತ್ರ ಚಾಪೆಯ ಮೇಲಿಟ್ಟ ತಟ್ಟೆಯನ್ನು ಎತ್ತಿಕೊಂಡು ಚಾಪೆಯ ಆಚೆ ಹೋಗಿ ಕೂತಳು. ಅವಳಿಗೆ ಯಾರೂ ಹೋಗು ಎಂದಿರಲಿಲ್ಲ, ಬಾ ಎಂದು ಕರೆದದ್ದು ತನುಜಾ ಒಬ್ಬಳೇ.

ಕೆರೆಯ ಹತ್ತಿರ ಊರಿಗೆ ಊರೇ ನೆರೆದಿತ್ತು. ಕೋಡಿಯ ಕಲ್ಲಿನ ಮೇಲಿಂದ ನೀರು ತೆಳ್ಳಗೆ, ಅಗಲವಾಗಿ ಇಳಿದು ಕೆಳಗಿನ ಹಾಸುಬಂಡೆಯ ಮೇಲೆ ಮೊಣಕಾಲಿಗಿಂತ ಕೆಳಗೇ ಹರಿಯುತ್ತಿತ್ತು. ಮೇಲಿನ ಕೆರೆಗಳಿಂದ ಕೊಚ್ಚಿಕೊಂಡು ಬಂದ ಗೆಂಡೆ ಮೀನುಗಳು ನೀರಿನ ಜೊತೆಗೇ ಬೀಳುತ್ತಿದ್ದವು. ಇಬ್ಬಿಬ್ಬರು ಹಳೇ ಸೀರೆ ಹಿಡಿದು ಅಡ್ಡ ನಿಲ್ಲುವುದು, ಕೆಳಗಿನ ಅಂಚನ್ನು ಕಾಲಿನಿಂದ ಒತ್ತಿಕೊಳ್ಳುವುದು, ಮೀನು ಬಿತ್ತೋ ಇಬ್ಬರೂ ಒಬ್ಬರ ಕಡೆಗೊಬ್ಬರು ಓಡಿ ತುದಿಗಳನ್ನು ಕೂಡಿಸುವುದು. ಕೂಡಿಸುವುದು ತಡವಾದರೆ ಮೀನು ನೆಗೆದು ಹೋಗುತ್ತದೆ. ದಡದ ಕಲ್ಲಿನ ಮೇಲೆ ಬೆಳಿಗ್ಗೆಯೇ ಗಂಗಮ್ಮನ ಪೂಜೆ ಮುಗಿಸಿದ್ದ ಹಿರಿಯ ಆದೆಪ್ಪ ಕೂತಿದ್ದ. ಪ್ರತಿ ಮನೆಯವರೂ ತಾವು ಹಿಡಿದದ್ದರಲ್ಲಿ ಒಂದು ಮೀನನ್ನು ಪೂಜೆ ಮಾಡಿದ ಆ ಕೈಗೆ ಕೊಡುವುದು ಅಲ್ಲಿನ ರೂಢಿ. ಆದೆಪ್ಪನ ಮಗ್ಗುಲಲ್ಲಿ ಬುಟ್ಟಿ ಅರ್ಧ ತುಂಬಿತ್ತು.

ತನುಜಾ ಸೀರೆಯ ಚೀಲ ಹಿಡಿದು, ಮಗಳನ್ನು ಮುಂದಿಟ್ಟುಕೊಂಡು ಬರುವುದನ್ನು ಕಂಡವನೇ ಆದೆಪ್ಪ ಎರಡೂ ಕೈ ಎತ್ತಿದ.

"ಏಯ್, ದೂರಂ! ದೂರಂ! ಆ ಮಗೀನ ನೀರಿಗಿಳಿಸ್ಬ್ಯಾಡ ಕಣಮ್ಮ. ಊರ್ ಮಕ್ಳೆಲ್ಲಾ ನೀರಾಗವೆ."

ನೀರಲ್ಲಿದ್ದ ಹೆಂಗಸರು ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಹರ್ಷಿತಾ ಅಷ್ಟು ಹೊತ್ತಿಗಾಗಲೇ ಹಿಂದಕ್ಕೆ ಸರಿಯತೊಡಗಿದ್ದಳು. ಈಶ್ವರ್ ಹೆಂಡತಿಯ ಮುಖ ನೋಡಿ ಕಣ್ಣು ಮುಚ್ಚಿಕೊಂಡ.

"ಆದೆಪ್ಪ ಮಾವ," ಎಂದಳು ತನುಜಾ, ಇಡೀ ಕೋಡಿಗೆ ಕೇಳುವ ಹಾಗೆ. "ನನ್ ಮಗಳಿಗೆ ಬಂದಿದ್ದು ಶ್ರಾವಣದಾಗೆ. ವಾಸಿಯಾಗೈತೆ, ಡಾಕ್ಟ್ರೇ ಹೂಂ ಅಂದವ್ರೆ. ಅವಳ ಮಾಸ್ಕು ಮೂಗಿನ ಮೇಲೈತೆ. ನಿಂದು ಗದ್ದದ ಕೆಳಗೈತೆ. ಈಗ ಯಾರು ಯಾರಿಗೆ ದೂರ ನಿಂತ್ಕಬೇಕು, ನೀನೇ ಹೇಳು."

ಯಾರೋ ಕಿಸಕ್ಕೆಂದರು. ಆದೆಪ್ಪ ಮಾಸ್ಕನ್ನು ಮೇಲಕ್ಕೆ ಎಳೆದುಕೊಂಡ. "ಸರ್ಕಾರದೋರೇ ಆರಡಿ ದೂರ ಅಂತ ಹೇಳವ್ರಲ್ಲಮ್ಮ."

"ಹೇಳ್ಲಿ. ನಾನೇನು ಇಲ್ಲ ಅಂದ್ನಾ? ಅತ್ಗೆ, ಒಂದ್ ಹಳೇ ಸೀರೆ ಕೊಡು."

ಸಣ್ಣಕ್ಕ ಅತ್ತ ಇತ್ತ ನೋಡಿ ತನ್ನ ಕೈಯಲ್ಲಿದ್ದ ಸೀರೆಯನ್ನು ಕಂಕುಳಲ್ಲಿ ಇರುಕಿಕೊಂಡಳು. "ಇರೋದು ಇದೊಂದೇ ಕಣಮ್ಮ."

ತನುಜಾ ಚೀಲಕ್ಕೆ ಕೈ ಹಾಕಿ ಧರ್ಮಾವರಂ ಸೀರೆ ತೆಗೆದು, ಮಡಿಕೆ ಬಿಚ್ಚಿ ಝಾಡಿಸಿದಳು. ಬಾಳೆಗಿಡದ ಹಸಿರು, ಕೆಂಪು ಅಂಚು, ಜರಿಯ ಸೆರಗು. ಬಿಸಿಲು ಬಿದ್ದು ಜರಿ ಫಳ್ಳೆಂದಿತು.

"ಅಯ್ಯೋ ದೇವುಡಾ, ಮದ್ವೆ ಸೀರೆ!" ಎಂದು ಸಣ್ಣಕ್ಕ ಬಾಯಿ ಬಾಯಿ ಬಡಿದುಕೊಂಡಳು. "ಕೆಸರು ನೀರು ಕಣೇ ಅದು! ಹುಚ್ಚು ಹಿಡಿದೈತಾ ನಿಂಗೆ?"

"ಹಿಡಿದೈತೆ. ಸರ್ಕಾರ ಹೇಳಿದ್ದು ಆರಡಿ. ಇದು ಹದಿನೆಂಟಡಿ. ಇಷ್ಟು ದೂರ ನಿಂತು ನಾವು ತಾಯಿ ಮಗಳು ಮೀನು ಹಿಡೀತೀವಿ. ಯಾರಿಗೆ ತೊಂದ್ರೆ ಐತೋ ಅವ್ರು ಮನೆಗೆ ಹೋಗಿ!"

ಈಶ್ವರ್ ಚಪ್ಪಲಿ ಬಿಟ್ಟು, "ಆ ತುದಿ ನಾನ್ ಹಿಡ್ಕತೀನಿ ಬಿಡು" ಎಂದು ಬಂದ.

"ನೀನು ಮೀನ್ ಹಾಕಾಕೆ ಅಣ್ಣನ ಬಿಂದಿಗೆ ಹಿಡ್ಕ. ಆ ತುದಿ ಹರ್ಷಿತಾದು."

ಸೆರಗಿನ ತುದಿಯನ್ನು ತನುಜಾ ಬಂಡೆಯ ಮೇಲೆ ಇಟ್ಟು ಸರಿದಳು. ಎರಡು ತಿಂಗಳಿಂದ ಮಗಳು ಮಾಡುತ್ತಿದ್ದದ್ದನ್ನೇ ಈಗ ತಾಯಿ ಮಾಡಿದಳು. ಹರ್ಷಿತಾ ಬಂದು ಅದನ್ನು ಎತ್ತಿಕೊಂಡಳು. ಇಷ್ಟು ದೂರವಿದ್ದರೆ ಪರವಾಗಿಲ್ಲ ಎಂದು ಆ ಪುಟ್ಟ ತಲೆಗೂ ಅನ್ನಿಸಿರಬೇಕು. ಲಂಗ ಎತ್ತಿ ಕಟ್ಟಿಕೊಂಡು, ಕೋಡಿಯ ಅಂಚಿನ ತೆಳು ನೀರಿಗೆ ಇಳಿದಳು. ನೀರು ಕಾಲಿಗೆ ತಾಗಿದಾಗ ಮಾಸ್ಕಿನ ಒಳಗಿಂದ ಸಣ್ಣದೊಂದು ಕೂಗು ಬಂತು. ಅಳುವಂತೂ ಅಲ್ಲ.

ರೇಷ್ಮೆ ನೀರು ಕುಡಿದು ಭಾರವಾಯಿತು. ಸ್ವಲ್ಪ ಹೊತ್ತು ಕಸ ಕಡ್ಡಿ ಬಿಟ್ಟರೆ ಏನೂ ಬರಲಿಲ್ಲ. ದಡದವರು ತಮ್ಮ ಮೀನು ಬಿಟ್ಟು ಇದನ್ನೇ ನೋಡುತ್ತಿದ್ದರು. ಆಮೇಲೆ ಒಮ್ಮೆಗೇ ಸೀರೆಯ ನಡುವೆ ದಪ್ ಎಂದು ಒಂದು ಬಿತ್ತು, ಅದರ ಹಿಂದೆ ಇನ್ನೆರಡು. ಮೊಳದುದ್ದದ ಗೆಂಡೆಗಳು. ಹಸಿರು ಸೀರೆಯಲ್ಲಿ ಬೆಳ್ಳಗೆ ಹೊರಳಾಡಿದವು.

"ಕೂಡ್ಸು!" ಎಂದು ಗಂಗರಾಜು ಅರಚಿದ.

ತನುಜಾ ತನ್ನ ಕಡೆಯ ಸೀರೆಯನ್ನು ಸುತ್ತಿಕೊಳ್ಳುತ್ತ ಎರಡು ಹೆಜ್ಜೆ ಬಂದಳು. ಹರ್ಷಿತಾ ಅಲುಗಲಿಲ್ಲ. ತಾಯಿ ಹತ್ತಿರ ಬರುವುದನ್ನು ಕಂಡು ಅವಳ ಕಣ್ಣುಗಳು ದೊಡ್ಡವಾದವು. ಮೆಲ್ಲಗೆ ಬಗ್ಗಿ, ತನ್ನ ತುದಿಯನ್ನು ನೀರಿನ ಮೇಲೆ ಇಡಹೋದಳು. ಇಟ್ಟು ಸರಿಯಲು.

ಏನಾಗುತ್ತಿದೆಯೆಂದು ತನುಜಾ ಒಬ್ಬಳಿಗೇ ತಿಳಿಯಿತು. ಅವಳು ನಿಂತಲ್ಲೇ ನಿಂತಳು. ಕೂಗಿದರೆ ಮಗು ಹೆದರುತ್ತದೆ, ಹತ್ತಿರ ಹೋದರೆ ಓಡುತ್ತದೆ. ಮೀನು ಹಾಳಾಗಿ ಹೋಗಲಿ, ಇವಳು ಇವತ್ತು ಇಟ್ಟು ಸರಿದರೆ ಮುಂದೆ ಇವಳ ಕೈ ಹಿಡಿಯುವುದು ಹೇಗೆ?

ಆದರೆ ಊರಿಗೆ ಅದೆಲ್ಲ ಏನು ಗೊತ್ತು? ಊರಿಗೆ ಕಂಡದ್ದು ಕೈತಪ್ಪುತ್ತಿರುವ ಮೂರು ಗೆಂಡೆ.

"ಬಿಡ್ಬ್ಯಾಡ್ವೇ! ಹತ್ರ ಹೋಗೇ, ನಿಮ್ಮವ್ವನ ಹತ್ರ ಹೋಗೇ!" ಎಂದು ಸಣ್ಣಕ್ಕ ದಡದಲ್ಲಿ ಕುಣಿದಳು. ಹೆಂಗಸರು, ಮಕ್ಕಳು ಎಲ್ಲ ಸೇರಿ ಅರಚಿದರು. ಆದೆಪ್ಪ ಕಲ್ಲಿನ ಮೇಲೆ ಎದ್ದು ನಿಂತು, ಆಗ ದೂರಂ ಎಂದ ಅದೇ ಗಂಟಲಲ್ಲಿ, "ದಗ್ಗರಿಕಿ ರಾಮ್ಮಾ! ದಗ್ಗರಿಕಿ! ಹತ್ರ ಹತ್ರ!" ಎಂದು ಕೂಗುತ್ತಿದ್ದ. ಮಾಸ್ಕು ಮತ್ತೆ ಗದ್ದದ ಕೆಳಗೆ ಇಳಿದಿತ್ತು.

ಇಳಿಬಿದ್ದ ತುದಿಯಿಂದ ಒಂದು ಮೀನು ನೆಗೆಯಿತು. ಹರ್ಷಿತಾಳ ಮೊಣಕಾಲಿಗೆ ಬಾಲ ಬಡಿದು ನೀರಿಗೆ ಬಿದ್ದು ಹೋಯಿತು. ಅವಳು ಹೋದ ಮೀನನ್ನು ನೋಡಿದಳು, ಸೀರೆಯಲ್ಲಿ ಉಳಿದದ್ದನ್ನು ನೋಡಿದಳು.

"ನನ್ ಮೀನೂ!" ಎಂದು ಚೀರಿದಳು.

ಸೀರೆಯ ತುದಿಯನ್ನು ಎದೆಗೆ ಅವುಚಿಕೊಂಡು, ನೀರು ಚೆಲ್ಲಾಡುತ್ತ ಓಡಿ ಬಂದು ನೇರವಾಗಿ ತಾಯಿಯ ಹೊಟ್ಟೆಗೆ ಡಿಕ್ಕಿ ಹೊಡೆದಳು. ತನುಜಾ ಒಂದು ಕೈಯಲ್ಲಿ ಸೀರೆಯನ್ನೂ ಇನ್ನೊಂದು ಕೈಯಲ್ಲಿ ಮಗಳನ್ನೂ ಹಿಡಿದಳು. ಎರಡು ತಿಂಗಳ ಮೇಲೆ ಆ ಬೆನ್ನು ಅವಳ ಕೈಗೆ ಸಿಕ್ಕಿತು. ಮೂಳೆ ಕೈಗೆ ತಾಗುತ್ತಿತ್ತು. ತನುಜಾ ಅತ್ತಳು, ಜೋರಾಗಿಯೇ ಅತ್ತಳು, ಕೋಡಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಅಷ್ಟರಲ್ಲಿ ಸಣ್ಣಕ್ಕ ನೀರಿಗೆ ಧುಮುಕಿ ಬಂದಿದ್ದಳು. ತಾಯಿ ಮಗಳ ಕೈಗಳ ಮೇಲೆ ತನ್ನ ಎರಡೂ ಕೈ ಹಾಕಿ ಸೀರೆಯ ಬಾಯನ್ನು ಬಿಗಿದಳು. ಹರ್ಷಿತಾ ಬೆಚ್ಚಿ ಕೈ ಎಳೆದುಕೊಳ್ಳಹೋದಳು.

"ಅತ್ತೆ, ನಂಗೆ ಕೊರೊನಾ ಬಂದಿತ್ತು."

"ಬಂದಿದ್ರೆ ಬಂದಿತ್ತು, ಈಗ ಮೀನು ಹೋಯ್ತದೆ! ಗಟ್ಟಿಯಾಗ್ ಹಿಡ್ಕಳೇ!"

ಹೇಳಿದ ಮೇಲೆ ಸಣ್ಣಕ್ಕನಿಗೇ ತಾನು ಯಾರ ಕೈ ಹಿಡಿದಿದ್ದೇನೆಂಬ ಅರಿವಾಯಿತು. ಮುಖ ಕೆಂಪಾಯಿತು. ತನುಜಾ ಅವಳನ್ನೇ ನೋಡುತ್ತಿದ್ದಳು, ಈಗೇನು ಮಾಡುತ್ತೀಯ ಎಂಬಂತೆ. ಸಣ್ಣಕ್ಕ ಕೈ ತೆಗೆಯಲಿಲ್ಲ. ಮೂವರೂ ಹಾಗೇ ದಡಕ್ಕೆ ಬಂದರು.

ಈಶ್ವರ್ ಬಿಂದಿಗೆ ಹಿಡಿದ. ಸೀರೆ ಕೆಸರಾಗಿ, ಜರಿಯಲ್ಲಿ ಪಾಚಿ ಸಿಕ್ಕಿಕೊಂಡು, ಮೀನಿನ ವಾಸನೆ ಹೊಡೆಯುತ್ತಿತ್ತು. ಇನ್ನು ಅದನ್ನು ಯಾವ ಮದುವೆಗೂ ಉಡುವಂತಿರಲಿಲ್ಲ. ತನುಜಾ ಅದನ್ನು ಬೇಲಿಯ ಮೇಲೆ ಉದ್ದಕ್ಕೆ ಹರವಿದಳು, ಊರೆಲ್ಲ ನೋಡಲಿ ಎಂದೇ ಹರವಿದಳು.

"ಪೂಜೆ ಮಾಡಿದೋರ್ಗೆ ಒಂದು ಕೊಡ್ಬೇಕು ಕಣವ್ವ," ಎಂದು ಗಂಗರಾಜು ತಂಗಿಯ ಮಗಳಿಗೆ ಹೇಳಿದ.

ಹರ್ಷಿತಾ ಇದ್ದ ಎರಡರಲ್ಲಿ ದೊಡ್ಡದನ್ನೇ ಆರಿಸಿದಳು. ಎರಡೂ ಕೈಯಲ್ಲಿ ಅವುಚಿಕೊಂಡು ಆದೆಪ್ಪನ ಮುಂದೆ ಹೋಗಿ ನಿಂತಳು. ಆದೆಪ್ಪ ನಕ್ಕು, ಹಲ್ಲಿಲ್ಲದ ಬಾಯಲ್ಲಿ ಶಹಬ್ಬಾಸ್ ಎಂದ. ಆಮೇಲೆ ನೆನಪಾಗಿ ಮಾಸ್ಕು ಏರಿಸಿಕೊಂಡು, ಮುಂದಿದ್ದ ಕಲ್ಲನ್ನು ತೋರಿಸಿದ.

"ಅಲ್ಲಿಡು ಕಂದ. ಆಮ್ಯಾಕೆ ತಗತೀನಿ."

ತನುಜಾ ಬಾಯಿ ತೆರೆದಳು. ಅಷ್ಟರಲ್ಲಿ ಮಗಳೇ ಮಾತಾಡಿದಳು.

"ಇಡಲ್ಲ ತಾತ."

ಮೀನು ಒದ್ದಾಡುತ್ತಿತ್ತು. ಅದರ ನೀರು ಹರ್ಷಿತಾಳ ಮೊಳಕೈಯಿಂದ ಲಂಗದ ಮೇಲೆ ಸುರಿಯುತ್ತಿತ್ತು. ಅವಳು ಹಿಡಿತ ಸಡಿಲಿಸಲೂ ಇಲ್ಲ, ಒಂದು ಹೆಜ್ಜೆ ಹಿಂದಕ್ಕೆ ಸರಿಯಲೂ ಇಲ್ಲ.

"ಎಲ್ರೂ ಕೈಗೇ ಕೊಟ್ರು. ಕೈ ಕೊಡು."

ಕೋಡಿಯಲ್ಲಿ ನಿಂತವರೆಲ್ಲ ಇತ್ತಲೇ ನೋಡುತ್ತಿದ್ದರು. ಆದೆಪ್ಪ ಒಮ್ಮೆ ಊರನ್ನು ನೋಡಿದ, ಒಮ್ಮೆ ತನುಜಾಳನ್ನು ನೋಡಿದ, ಕೊನೆಗೆ ಮಗುವನ್ನು ನೋಡಿದ. ಎರಡೂ ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಮುಂದಕ್ಕೆ ಚಾಚಿದ.