ಬಸ್ ಓಡಿಸ್ತೀನಿ ಅಂದ ಹುಡುಗ

ಎಂಟು ವರ್ಷಕ್ಕೊಮ್ಮೆ ಟೀವಿಗೆ ಚಿತ್ರ ತೆಗೆಯುವ ಮುದುಕ ಜೂಲಿಯನ್ ಲಂಡನ್ನಿನಿಂದ ಕ್ಯಾಮೆರಾದವರನ್ನು ಕಟ್ಟಿಕೊಂಡು ಓಲ್ಡಮ್ ಊರಿನ ನಮ್ಮ ಮನೆಗೆ ಬರುತ್ತಾನೆ. ನನ್ನ ಗಂಡ ಕ್ಲಿಫರ್ಡ್ ಎಂಟು ವರ್ಷದವನಿದ್ದಾಗ ಶಾಲೆಯ ಅಂಗಳದಲ್ಲಿ ನಿಂತು, "ದೊಡ್ಡವನಾದ್ಮೇಲೆ ಬಸ್ ಓಡಿಸ್ತೀನಿ" ಅಂದದ್ದನ್ನು ಟೀವಿಯಲ್ಲಿ ಇಡೀ ದೇಶ ನೋಡಿತ್ತು. ಆ ಮಕ್ಕಳೆಲ್ಲ ಏನಾದರೆಂದು ತೋರಿಸಲು ಅವನ ಹದಿನಾರಕ್ಕೆ ಮತ್ತೆ ಬಂದು "ಎಲ್ಲಿ ಬಸ್ಸು?" ಅಂದರು. ಇಪ್ಪತ್ನಾಲ್ಕಕ್ಕೂ ಅದನ್ನೇ ಕೇಳಿದರು. ಊರವರೂ ಬಿಡಲಿಲ್ಲ. ಕೊನೆಗೆ ಈ ಪುಣ್ಯಾತ್ಮ ಬಸ್ಸಿಗೇ ಸೇರಿ ಮೂವತ್ತೈದು ವರ್ಷ ಓಡಿಸಿ ಸೊಂಟ ಹಾಳುಮಾಡಿಕೊಂಡ.

ಈ ಸಲ ಅವನಿಗೆ ಅರವತ್ನಾಲ್ಕು. ಜೂಲಿಯನ್ ನಾನು ಕೊಟ್ಟ ಚಹಾ ಹೀರುತ್ತ, "ಕನಸು ನನಸಾಯ್ತಲ್ಲ ಕ್ಲಿಫ್, ಹೇಗನ್ನಿಸುತ್ತೆ?" ಎಂದು ಕೇಳಿದ.

"ಅದು ನನ್ನ ಕನಸಲ್ಲ ಬಿಡಿ. ಬೇಕರಿ ಇಡ್ತೀನಿ ಅನ್ನೋನಿದ್ದೆ. ನನ್ನ ಮುಂದಿದ್ದ ಟ್ರೆವರ್ ಅದನ್ನೇ ಹೇಳ್ಬಿಟ್ಟ. ಕಾಪಿ ಹೊಡ್ದೆ ಅಂತ ಟೀಚರ್ ಬೈತಾರೇನೋ ಅಂತ ಹೆದರಿ, ಗೇಟಿನಾಚೆ ಹೋಗ್ತಿದ್ದ ಬಸ್ ನೋಡಿ ಹಾಗಂದೆ."

ನನಗೆ ಮೈಯೆಲ್ಲ ಉರಿಯಿತು. "ಮತ್ತೆ ಆ ಟ್ರೆವರ್‌ನ ಯಾಕೆ ಒಂದ್ಸಲಾನೂ ತೋರ್ಸಿಲ್ಲ?" ಅಂದೆ.

ಜೂಲಿಯನ್ ಕಪ್ಪು ಕೆಳಗಿಟ್ಟ.

"ಆ ಬಸ್ಸಿನ ಸದ್ದಿಗೆ ಟೇಪಲ್ಲಿ ಅವನಂದಿದ್ದು ಒಂದಕ್ಷರಾನೂ ಕೇಳಿಸ್ಲಿಲ್ಲ. ಆ ತುಣುಕು ಕಿತ್ತಾಕಿದ್ವಿ."