ಸನ್ಯಾಸಕ್ಕೆ ಹೆಂಡತಿಯ ಒಪ್ಪಿಗೆ

ಅತ್ತೆಯ ಮೈ ಒರೆಸಿ, ಬೆನ್ನಿಗೆ ಪೌಡರ್ ಹಾಕಿ, ಒದ್ದೆಯಾದ ಹಾಸಿಗೆ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿ ಸೊಸೆ ಆಗಷ್ಟೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಹೊಸ್ತಿಲ ಮೇಲೆ ಕೂರಬಾರದು ಅಂತ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಸೊಂಟಕ್ಕೆ ಶಾಸ್ತ್ರ ಹೇಳುವವರು ಯಾರು? ಅಷ್ಟರಲ್ಲಿ ಗಂಡ ಬಂದು ಎದುರಿಗೆ ನಿಂತ. ಸ್ನಾನ ಮಾಡಿ ಬಿಳಿ ಪಂಚೆ ಉಟ್ಟಿದ್ದ.

"ನಿನ್ನ ಹತ್ರ ಒಂದು ಮಾತು ಕೇಳ್ಬೇಕಿತ್ತು ಕಣೇ."

"ಕೇಳಿ. ಏಳು ಅಂತ ಮಾತ್ರ ಹೇಳ್ಬೇಡಿ."

ಕನ್ನಡಕದ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದಾಗಿನಿಂದ ಈ ಮಹಾರಾಯನಿಗೆ ವೈರಾಗ್ಯ ಹತ್ತಿಕೊಂಡಿತ್ತು. ಬೆಳಿಗ್ಗೆ ಧ್ಯಾನ, ಸಂಜೆ ಆಶ್ರಮದಲ್ಲಿ ಪ್ರವಚನ, ಮನೆಗೆ ಬಂದರೆ ದೇಹ ಬೇರೆ ಆತ್ಮ ಬೇರೆ ಎಂಬ ಮಾತು. ಬೇರೆಯೇ ಇರಲಪ್ಪ, ಆ ದೇಹವನ್ನು ತೊಳೆಯುವವರು ಯಾರು ಎಂದು ಕೇಳಲು ಅವಳಿಗೆ ಎಷ್ಟೋ ಸಲ ಬಾಯಿಗೆ ಬಂದದ್ದುಂಟು, ನುಂಗಿಕೊಂಡಿದ್ದಳು. ಸನ್ಯಾಸ ತಗೊಳ್ಳೋ ಆಸೆ ಬೆಟ್ಟದಷ್ಟಿದೆ, ಮನೆಯವಳು ಬಿಡಬೇಕಲ್ಲ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಕೇಳಿದವರು ಅಯ್ಯೋ ಪಾಪ ಅನ್ನುತ್ತಿದ್ದರು. ಮನೆಯವಳನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಈಗ ಆಶ್ರಮದ ಗುರುಗಳೇ ಹಿಡಿದುಹಾಕಿದ್ದರು. ಹೆಂಡತಿ, ತಾಯಿ ಇಬ್ಬರೂ ಬಾಯಿಬಿಟ್ಟು ಒಪ್ಪಬೇಕು, ಆಮೇಲೆ ಕಾವಿ, ಕೇಳಿಕೊಂಡು ಬಾ ಎಂದಿದ್ದರಂತೆ.

"ಅತ್ತು ರಂಪ ಮಾಡ್ಬೇಡ. ನಿಧಾನವಾಗಿ ಯೋಚ್ನೆ ಮಾಡಿ ಹೇಳು," ಅಂದ. ಅವಳು ಅಳುತ್ತಾಳೆ, ಕಾಲು ಹಿಡಿಯುತ್ತಾಳೆ, ತಾನು ದೊಡ್ಡದೊಂದು ನಿಟ್ಟುಸಿರು ಬಿಟ್ಟು ಮನೆಯಲ್ಲೇ ಉಳಿಯಬಹುದು ಎಂಬುದು ಅವನ ಲೆಕ್ಕಾಚಾರ.

ಅವಳಿಗೆ ಅಳು ಬರಲಿಲ್ಲ. ಅಳುವುದಕ್ಕೂ ತ್ರಾಣ ಬೇಕಲ್ಲ. ಇವನು ಹೋದರೆ ಒಂದು ತಟ್ಟೆ ಕಡಿಮೆ, ಒಗೆಯಲು ಒಂದು ಪಂಚೆ ಕಡಿಮೆ. ಅತ್ತೆಯ ಚಾಕರಿ ಇದುವರೆಗೂ ತನ್ನದೇ, ಇನ್ನು ಮುಂದೂ ತನ್ನದೇ. ಮೋಕ್ಷ ಗೀಕ್ಷ ಅವಳಿಗೆ ಬೇಡ. ಒಂದೇ ಒಂದು ಮಧ್ಯಾಹ್ನ, ಯಾರೂ ಕರೆಯದ ಹಾಗೆ, ಮಲಗಲು ಬಿಟ್ಟರೆ ಸಾಕಿತ್ತು.

"ಹೋಗ್ಬನ್ನಿ," ಅಂದಳು.

"ಏನಂದೆ?"

"ಒಪ್ಪಿದೀನಿ ಅಂದೆ. ಸನ್ಯಾಸಿಗೆ 'ಬನ್ನಿ' ಅನ್ಬಾರ್ದೇನೋ. ಹೋಗಿ."

ಅವನು ಇಂಗು ತಿಂದ ಮಂಗನ ಹಾಗೆ ನಿಂತ. "ಅಮ್ಮನ್ನೂ ಕೇಳ್ಬೇಕಲ್ಲ," ಎಂದು ತೊದಲಿದ. ಹೆತ್ತವಳಾದರೂ ತಡೆದಾಳು ಎಂಬ ಧೈರ್ಯದಲ್ಲಿ ಪಕ್ಕದ ಕೋಣೆಗೆ ನಡೆದ.

"ಅಮ್ಮಾ, ನಾನು..."

"ಎಲ್ಲಾ ಕೇಳಿಸ್ತು ಕಣೋ. ಬಿದ್ದುಹೋಗಿರೋದು ನನ್ನ ಕಾಲು, ಕಿವಿ ಅಲ್ಲ. ಎಲ್ಲಿ ಅವಳು? ಕರಿ."

ಸೊಸೆ ಗೋಡೆ ಹಿಡಿದು ಎದ್ದು ಬಂದಳು. ಅಭ್ಯಾಸಬಲದಿಂದ ದಿಂಬು ಸರಿಮಾಡಲು ಬಗ್ಗಿದರೆ ಅತ್ತೆ ಅವಳ ಕೈ ತಳ್ಳಿದರು.

"ಸಂಸಾರ ಬಿಡ್ತೀನಿ ಅಂತೀಯಲ್ಲೋ, ಅದರಲ್ಲಿ ಯಾವತ್ತು ಇಳಿದಿದ್ದೆ ನೀನು?" ಎಂದು ಮಗನನ್ನು ಕೇಳಿದರು. "ಬಿಟ್ಟು ಹೋಗೋ ಹಕ್ಕು ಈ ಮನೇಲಿ ಯಾರಿಗಾದ್ರೂ ಇದ್ರೆ ಅದು ಇವಳಿಗೆ. ನನ್ನ ಒಪ್ಪಿಗೆ ಇವಳಿಗೇ. ಹೋಗಮ್ಮ, ಇನ್ನು ಇವನು ನೋಡ್ಕೋತಾನೆ."

ಈ ಮುದುಕಿ ಯಾವಾಗ ಕಣ್ಣು ಮುಚ್ಚುತ್ತಾಳೋ ಅಂದುಕೊಂಡು, ಮರುಗಳಿಗೆ ನಾಲಿಗೆ ಕಚ್ಚಿಕೊಂಡು ವರ್ಷಗಳನ್ನು ಕಳೆದವಳು ಅವಳು. ಈಗ ಅಳು ಬಂತು. ನಾಚಿಕೆಗೋ ಸಂತೋಷಕ್ಕೋ ಅವಳಿಗೇ ತಿಳಿಯಲಿಲ್ಲ.

"ಎಲ್ಲಿಗೆ ಹೋಗ್ಲಿ ಅತ್ತೆ?"

"ಕಾಡಿಗೇನೂ ಬೇಡ. ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ಮಲಕ್ಕೋ."

ಮಲಗಿದಳು. ಕಣ್ಣು ಹತ್ತುವಷ್ಟರಲ್ಲಿ ಗೋಡೆಯಾಚೆ ಅತ್ತೆಯ ಮಗ್ಗುಲು ಬದಲಿಸುವ ಸದ್ದು. "ಭುಜ ಹಿಡ್ಕೊಳ್ಳೋ, ತೋಳನ್ನ ಎಳೀಬೇಡ... ಅಯ್ಯಮ್ಮಾ!"

ಸೊಸೆಯ ಕಾಲು ತಾನಾಗಿ ನೆಲಕ್ಕಿಳಿಯಿತು. ಮಂಚ ಕಿರುಗುಟ್ಟಿದ್ದು ಆ ಮುದಿಕಿವಿಗೆ ಹೇಗೆ ಕೇಳಿಸಿತೋ, "ಎದ್ದೀಯಾ, ಜೋಕೆ!" ಎಂದು ಅತ್ತೆ ಅಲ್ಲಿಂದಲೇ ಗದರಿದರು.

ಅವಳು ಕಾಲು ಮೇಲೆಳೆದುಕೊಂಡಳು. ಆಚೆ ಗಂಡ ಏದುಸಿರು ಬಿಡುತ್ತ ಮತ್ತೆ ಪ್ರಯತ್ನಿಸುವುದು ಕೇಳಿಸುತ್ತಿತ್ತು. ಅತ್ತೆ ಮಾತ್ರ ಈ ಸಲ ಹಾಂ ಹೂಂ ಅನ್ನಲಿಲ್ಲ. ಅಷ್ಟು ನೋವಿನಲ್ಲೂ ಅವರು ಬಾಯಿ ಮುಚ್ಚಿಕೊಂಡಿರುವುದು ತನ್ನ ನಿದ್ದೆ ಕೆಡದಿರಲಿ ಎಂದು ಅವಳಿಗೆ ಗೊತ್ತಾಯಿತು.